ಕುಡಿದ ನೀರು ಎಲ್ಲಿಗೆ ಹೋಗಬೇಕು, ಮೇಡಂ?

ಹೆಸರು, ಊರು, ಕೆಲಸದ ಜಾಗದ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರೀರಿ, ಫ್ಯಾಕ್ಟರಿಲಿ ನನ್ನ ಲೈನ್ ನಂಬರ್ ಮಾತ್ರ ಹಾಕಬೇಡಿ" ಅಂದಳು. ಇಲ್ಲಿ ಅವಳನ್ನು ಗೌರಿ ಅನ್ನೋಣ.

ಇದನ್ನು ಬರೆಯೋಕೆ ಎರಡು ಕಾರಣ. ಒಂದು, ಗೌರಿಯಂಥವರು ರೋಗಿಗಳಿಗೆ ಸಲಹೆ ಕೊಡೋ ನನ್ನ ಕೋಣೆಗೆ ಬರ್ತಾನೇ ಇದ್ದಾರೆ. ಇನ್ನೊಂದು, ಅವಳ ವಿಷಯದಲ್ಲಿ ಮೊದಲ ಎರಡು ಭೇಟಿ ನಾನು ಮಾಡಿದ್ದು ಸುಮ್ನೆ ವ್ಯರ್ಥ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತೆ.

ಗೌರಿಗೆ 21 ವರ್ಷ. ಮೈಸೂರು ಜಿಲ್ಲೆಯ ಕಾಡಂಚಿನ ಒಂದು ಬುಡಕಟ್ಟು ಹಾಡಿಯವಳು. ಅಪ್ಪ ಅಮ್ಮ ವರ್ಷದಲ್ಲಿ ನಾಲ್ಕೈದು ತಿಂಗಳು ಕೊಡಗಿನ ಕಾಫಿ ತೋಟಕ್ಕೆ ಹೋಗ್ತಾರೆ. ಅಣ್ಣನೊಬ್ಬ ನಾಲ್ಕು ವರ್ಷದವನಿದ್ದಾಗ ಎರಡೇ ದಿನದ ಜ್ವರಕ್ಕೆ ತೀರಿಕೊಂಡ. ಯಾಕೆ ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ. ಇವಳಿಗೆ ಸಿಕಲ್ ಸೆಲ್ ಕಾಯಿಲೆ ಇದೆ ಅಂತ ಗೊತ್ತಾಗಿದ್ದು 14ನೇ ವಯಸ್ಸಿನಲ್ಲಿ, ಒಂದು ಕ್ಯಾಂಪಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ. ಒಬ್ಬರಿಂದ ಮಾತ್ರ ಬಂದ ಬರೀ ವಾಹಕಿ ಅಲ್ಲ, ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದದ್ದು, ಪೂರ್ತಿ ಕಾಯಿಲೆ. ಪಿಯುಸಿ ಮುಗಿಸಿ ಒಂದು ಗಾರ್ಮೆಂಟ್ಸ್‌ಗೆ ಸೇರಿದಳು. ಈಚಿನ ಎಂಟು ತಿಂಗಳಲ್ಲಿ ಮೂರು ಸಲ ನೋವು ಎದ್ದು ಆಸ್ಪತ್ರೆಗೆ ಸೇರಿದ್ದಳು. ಮೂರನೇ ಸಲ ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಚೀಟಿ ಬರೆದು ನನ್ನ ಹತ್ತಿರ ಕಳಿಸಿದರು: "ನೀರು ಕುಡಿಯುವುದಿಲ್ಲ. ತಿಳಿ ಹೇಳಿ."

ತಿಳಿ ಹೇಳಿದೆ. ಮೊದಲ ಭೇಟಿಯಲ್ಲಿ ಗೋಡೆಯ ಚಾರ್ಟ್ ತೋರಿಸಿದೆ. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ರಕ್ತ ಹೋಗದ ಜಾಗ ನೋಯುತ್ತೆ. ಒಳ್ಳೆ ಕಣ ಸುಮಾರು 120 ದಿನ ಬಾಳಿದರೆ ಇದು ಹತ್ತಿಪ್ಪತ್ತು ದಿನಕ್ಕೆ ಒಡೆದುಹೋಗುತ್ತೆ. ಅದಕ್ಕೇ ಕಣ್ಣು ಹಳದಿ, ಅದಕ್ಕೇ ಯಾವಾಗಲೂ ಸುಸ್ತು. ಮೈಯಲ್ಲಿ ನೀರು ಕಮ್ಮಿಯಾದರೆ ಕಣ ಬಾಗೋದು ಜಾಸ್ತಿ. ಆದ್ದರಿಂದ ದಿನಕ್ಕೆ ಮೂರು ಲೀಟರ್. ಅವಳು ತಲೆ ಆಡಿಸಿದಳು. ಕರಪತ್ರ ಕೊಟ್ಟೆ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಎರಡನೇ ಸಲವೂ ಇದೇ ಕತೆ. ಮೂರನೇ ಸಲ ಬಂದಾಗ ಕುಂಟುತ್ತಿದ್ದಳು.

ಆವತ್ತು ಮಂಗಳವಾರ. ಹೊರಗೆ ಜನವೋ ಜನ. ಅವಳ ಸರದಿ ಬಂದಾಗ ಹನ್ನೆರಡು ದಾಟಿತ್ತು. ಕೈಯಲ್ಲಿ ಅರ್ಧ ಲೀಟರಿನ ಹಳೇ ಮಾವಿನ ಜ್ಯೂಸ್ ಬಾಟಲಿ, ಲೇಬಲ್ ಕಿತ್ತುಹೋಗಿತ್ತು. ಒಳಗೆ ಮುಕ್ಕಾಲು ನೀರಿತ್ತು.

"ಯಾವಾಗ ತುಂಬಿಸಿದ್ದು ಇದು?"

"ಬೆಳಿಗ್ಗೆ, ಮೇಡಂ."

ನನಗೆ ರೇಗಿತು. ಹೇಳಬಾರದ ಮಾತು ಹೇಳಿಬಿಟ್ಟೆ. "ನಿನ್ನ ಜೀವದ ಮೇಲೆ ನಿನಗೇ ಆಸೆ ಇಲ್ಲ ಅಂದ್ರೆ ನಾವೇನಮ್ಮ ಮಾಡೋಕಾಗುತ್ತೆ?"

ಅವಳು ಬಾಟಲಿಯ ಮುಚ್ಚಳ ತಿರುವಿದಳು, ಮತ್ತೆ ಹಾಕಿದಳು. ಮತ್ತೆ ತಿರುವಿದಳು. ಆಮೇಲೆ ನನ್ನ ಮುಖ ನೋಡದೇ ಹೇಳಿದಳು.

"ಎಲ್ಲರೂ ನೀರು ಕುಡಿ, ನೀರು ಕುಡಿ ಅಂತೀರ. ಕುಡಿದ ನೀರು ಎಲ್ಲಿಗೆ ಹೋಗಬೇಕು, ಮೇಡಂ?"

ನನಗೆ ತಕ್ಷಣ ಅರ್ಥವೇ ಆಗಲಿಲ್ಲ. ಅವಳೇ ಮುಂದುವರಿಸಿದಳು. "ಇಲ್ಲೂ ಅಷ್ಟೇ. ಎಂಟೂವರೆಗೆ ಬಂದೆ. ಟಾಯ್ಲೆಟ್‌ಗೆ ಬೀಗ. ಆಯಾನ ಕೇಳಿದ್ರೆ, ಅದು ಸ್ಟಾಫ್‌ದು, ಹೊರಗಡೆ ಬಸ್ ಸ್ಟ್ಯಾಂಡಲ್ಲಿ ಇದೆ ಹೋಗು ಅಂದ್ರು. ಹೋದ್ರೆ ನನ್ನ ನಂಬರ್ ಕೂಗಿಬಿಟ್ಟರೆ?"

ಹತ್ತು ಹೆಜ್ಜೆ ಆಚೆ ಇರೋ ಟಾಯ್ಲೆಟ್. ನಾನು ದಿನಾ ಹೋಗೋದು ಅಲ್ಲಿಗೇ. ಕೀ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಕೊಟ್ಟೆ. ಅವಳು ಹೋಗಿ ಬರೋವರೆಗೆ ನಾನು ಮೇಜಿನ ಮೇಲಿದ್ದ ಕರಪತ್ರಗಳ ಕಟ್ಟು ನೋಡ್ತಾ ಕೂತಿದ್ದೆ. ಅದರಲ್ಲಿ ನಗುವ ನೀರಿನ ಲೋಟದ ಚಿತ್ರ ಇದೆ. ಈಗಲೂ ಇದೆ. ಕೀ ಮಾತ್ರ ಡ್ರಾಯರಿನಲ್ಲಿಲ್ಲ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಅದಕ್ಕೂ ಆಯಾ ಜೊತೆ ಒಂದು ವಾರ ಜಗಳ ಆಡಬೇಕಾಯ್ತು, ಅದು ಬಿಡಿ.

ವಾಪಸ್ ಬಂದ ಮೇಲೆ ನಾನು ಹೇಳೋದು ನಿಲ್ಲಿಸಿ ಕೇಳೋಕೆ ಕೂತೆ. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಹೇಳು. ಏನೂ ಬಿಡಬೇಡ."

ಐದಕ್ಕೆ ಏಳ್ತಾಳೆ. ಬಾಡಿಗೆ ರೂಮಿನಲ್ಲಿ ಐದು ಜನ ಹುಡುಗಿಯರು, ಮೂರು ರೂಮಿಗೆ ಒಂದು ಟಾಯ್ಲೆಟ್. ತಣ್ಣೀರು ಸ್ನಾನ. ಯಾಕೆಂದರೆ ಬಿಸಿನೀರಿಗೆ ಕಾಯಬೇಕು. ಏಳೂಮುಕ್ಕಾಲಿಗೆ ವ್ಯಾನ್. ಒಂಬತ್ತಕ್ಕೆ ಪಂಚಿಂಗ್. ಶರ್ಟಿಗೆ ಕಾಲರ್ ಕೂರಿಸೋದು ಇವಳ ಕೆಲಸ. ಅದು ಎಲ್ಲರಿಗೂ ಬರಲ್ಲ ಅಂತ ಹೇಳುವಾಗ ಮಾತ್ರ ಮುಖ ಸ್ವಲ್ಪ ಅರಳಿತು. ಹಿಂದಿನವಳಿಂದ ಬಂಡಲ್ ಬರುತ್ತೆ, ಇವಳು ಹೊಲಿದು ಮುಂದಿನವಳಿಗೆ ದಾಟಿಸಬೇಕು. ಇವಳು ಎದ್ದರೆ ಇವಳ ಮುಂದೆ ರಾಶಿ, ಮುಂದಿನವಳ ಕೈ ಖಾಲಿ. ಗಂಟೆಗೊಂದು ಟಾರ್ಗೆಟ್. ಬೋರ್ಡಿನಲ್ಲಿ ಬರೀತಾರೆ. ಒಂದು ಸಲ ಎದ್ದು ಹೋದರೆ ಯಾರೂ ಏನೂ ಅನ್ನಲ್ಲ. ಎರಡನೇ ಸಲ ಸೂಪರ್‌ವೈಸರ್ ಎಲ್ಲರಿಗೂ ಕೇಳೋ ಹಾಗೆ, "ಮತ್ತೆ ಹೊರಟಳು ಮಹಾರಾಣಿ."

ಊಟಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಟಾಯ್ಲೆಟ್ ಮುಂದೆ ಕ್ಯೂ. ಕ್ಯೂ ನಿಂತರೆ ಊಟ ಇಲ್ಲ, ಊಟ ಮಾಡಿದರೆ ಕ್ಯೂ ಇಲ್ಲ. ಸಾಯಂಕಾಲ ಐದೂವರೆಗೆ ಬಿಡ್ತಾರೆ. ಮತ್ತೆ ಒಂದು ಗಂಟೆ ವ್ಯಾನ್. ಲೆಕ್ಕ ಹಾಕಿದೆವು. ಬೆಳಿಗ್ಗೆ ಏಳೂಮುಕ್ಕಾಲರಿಂದ ಸಂಜೆ ಆರೂವರೆವರೆಗೆ ಅವಳು ಹೋಗೋದು ಒಂದೇ ಸಲ. ಕುಡಿಯೋದು ಆ ಅರ್ಧ ಲೀಟರ್, ಅದೂ ಪೂರ್ತಿ ಅಲ್ಲ. ಮೇಲೆ ಶೀಟ್ ಛಾವಣಿ, ಏಪ್ರಿಲ್ ತಿಂಗಳು.

"ಇದು ಗಾರ್ಮೆಂಟ್ಸ್‌ಗೆ ಬಂದ ಮೇಲೆ ಶುರುವಾಗಿದ್ದಾ?"

ಇಲ್ಲವಂತೆ. ಹಾಸ್ಟೆಲಿನಲ್ಲಿ. ಮೂರನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಾಗ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ವಯಸ್ಸು ಹತ್ತಾದರೂ ನಿಲ್ಲಲಿಲ್ಲ. ಬೆಳಿಗ್ಗೆ ಚಾಪೆ ಹೊತ್ತುಕೊಂಡು ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಯಾರೋ ದೊಡ್ಡ ಹುಡುಗಿ ಉಪಾಯ ಹೇಳಿಕೊಟ್ಟಳಂತೆ: ಮಧ್ಯಾಹ್ನದ ಮೇಲೆ ನೀರು ಮುಟ್ಟಬೇಡ. ಮುಟ್ಟಲಿಲ್ಲ. "ಆವಾಗಿಂದ ನಂಗೆ ಬಾಯಾರಿಕೆ ಆಗೋದೇ ಗೊತ್ತಾಗಲ್ಲ, ಮೇಡಂ."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಈ ಕಾಯಿಲೆಯ ಬಗ್ಗೆ ಓದಿದವರೂ ಇದೊಂದನ್ನು ಮರೀತಾರೆ. ನಮ್ಮ ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಮ್ಮಿ, ಉಪ್ಪಿನಂಶ ಜಾಸ್ತಿ. ಕೆಂಪು ಕಣ ಬಾಗೋಕೆ ಅದಕ್ಕಿಂತ ಪ್ರಶಸ್ತ ಜಾಗ ಇಲ್ಲ. ಹಾಗಾಗಿ ಸಿಕಲ್ ಸೆಲ್ ಇರುವ ಮಕ್ಕಳಲ್ಲಿ ಚಿಕ್ಕಂದಿನಲ್ಲೇ ಆ ಭಾಗ ಹಾಳಾಗುತ್ತಾ ಬರುತ್ತೆ. ಅಲ್ಲಿ ನಡೆಯಬೇಕಾದ ಕೆಲಸ ಏನು ಗೊತ್ತಾ? ನೀರನ್ನು ವಾಪಸ್ ಹೀರಿಕೊಂಡು ಮೂತ್ರವನ್ನು ಗಟ್ಟಿ ಮಾಡೋದು. ನಾವು ನೀರು ಕಮ್ಮಿ ಕುಡಿದರೆ ನಮಗೆ ಮೂತ್ರ ಕಮ್ಮಿಯಾಗುತ್ತೆ, ಹಳದಿಯಾಗುತ್ತೆ. ಮೈ ನೀರನ್ನು ಉಳಿಸಿಕೊಳ್ಳುತ್ತೆ. ಇವರ ಮೈಗೆ ಆ ಉಳಿತಾಯ ಸರಿಯಾಗಿ ಬರಲ್ಲ. ಕುಡಿಯದಿದ್ದರೂ ತೆಳ್ಳಗೆ ಹೋಗ್ತಾನೇ ಇರುತ್ತೆ. ಅದಕ್ಕೇ ದೊಡ್ಡವರಾದರೂ ಹಾಸಿಗೆ ಒದ್ದೆಯಾಗೋದು, ಅದಕ್ಕೇ ಪದೇ ಪದೇ ಎದ್ದು ಹೋಗೋದು.

ಅಂದರೆ ಗೌರಿಯ ಉಪಾಯ ಅವಳಿಗೇ ತಿರುಗಿಬಿದ್ದಿತ್ತು. ನೀರು ಬಿಟ್ಟು ಉಳಿಸಿಕೊಂಡಿದ್ದು ಒಂದೆರಡು ಸಲದ ಓಡಾಟ. ಕೊಟ್ಟ ಬೆಲೆ ಶನಿವಾರ ರಾತ್ರಿಯ ನೋವು. ವಾರದ ಕೊನೆಗೇ ಬರ್ತಿತ್ತು ಅದು, ತೊಡೆ ಮೂಳೆಯಿಂದ ಶುರುವಾಗಿ ಸೊಂಟಕ್ಕೆ. "ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ, ಮೇಡಂ. ಹಿಂಡಿ, ಮತ್ತೆ ಇನ್ನೊಂದು ಸುತ್ತು ಹಿಂಡುತ್ತೆ."

ಸಲಹೆ ಕೊಡೋ ಹೊತ್ತಿಗೆ ನನಗೆ ಎರಡು ಸುಲಭದ ದಾರಿ ಇದ್ದವು. ಒಂದು, ಕೆಲಸ ಬಿಟ್ಟು ಊರಿಗೆ ಹೋಗು ಅನ್ನೋದು. ಈ ಮಾತು ಬಾಯಿಗೆ ಎಷ್ಟು ಬೇಗ ಬರುತ್ತೆ! ಊರಿನಲ್ಲಿ ಏನಿದೆ? ಅಪ್ಪ ಅಮ್ಮನ ಜೊತೆ ಕಾಫಿ ಕೊಯ್ಲಿಗೆ ಹೋಗಬೇಕು. ಡಿಸೆಂಬರ್, ಜನವರಿ ಬೆಳಗಿನ ಕೊಡಗಿನ ಚಳಿ, ಮಂಜಿಗೆ ಒದ್ದೆಯಾದ ಗಿಡ, ಬೆನ್ನ ಮೇಲೆ ಚೀಲ. ಚಳಿಯೂ ಈ ನೋವನ್ನು ಎಬ್ಬಿಸುತ್ತೆ, ಮೈಮುರಿಯೋ ಕೆಲಸವೂ ಎಬ್ಬಿಸುತ್ತೆ. ಇಲ್ಲಿ ತಿಂಗಳಿಗೊಂದು ಸಂಬಳ ಇದೆ, ಕಾಲರ್ ಕೂರಿಸೋಳು ಅನ್ನೋ ಹೆಸರಿದೆ. ಅದನ್ನು ಬಿಡಿಸಿ ಕಳಿಸೋದು ಸಲಹೆ ಅಲ್ಲ, ಕೈ ತೊಳೆದುಕೊಳ್ಳೋದು.

ಎರಡನೇ ದಾರಿ, ಕಾಯಿಲೆಯ ಹೆಸರು ಹೇಳಿ ಎಲ್ಲರಿಗೂ ತಿಳಿಸಿಬಿಡು, ಮುಚ್ಚಿಡಬೇಡ ಅನ್ನೋದು. ಕೇಳೋಕೆ ಧೈರ್ಯದ ಮಾತು. ಆದರೆ ರೂಮಿನ ಹುಡುಗಿಯರಿಗೆ ಗೊತ್ತಾದರೆ ತಟ್ಟೆ ಬೇರೆ ಮಾಡ್ತಾರೆ ಅನ್ನೋ ಹೆದರಿಕೆ ಅವಳಿಗಿತ್ತು. ಅಂಟೋ ಕಾಯಿಲೆ ಅಲ್ಲ ಅಂತ ನಮಗೆ ಗೊತ್ತು. ಅವರಿಗೆ ಗೊತ್ತಾ? ಅದನ್ನು ತಿಳಿಸೋ ಹೊಣೆ 21 ವರ್ಷದ ಹುಡುಗಿಯ ತಲೆ ಮೇಲೆ ಯಾಕೆ?

ನಾನು ಹೇಳಿದ್ದು ಇಷ್ಟು. ಸೂಪರ್‌ವೈಸರ್‌ಗೆ ಏನೂ ಹೇಳಬೇಡ. ಫ್ಯಾಕ್ಟರಿಯಲ್ಲಿ ವೆಲ್‌ಫೇರ್ ಆಫೀಸರ್ ಇದ್ದಾರೆ, ಅವರೊಬ್ಬರಿಗೆ ಡಾಕ್ಟರ್ ಪತ್ರ ಕೊಡು. ಡಾಕ್ಟರ್ ಹತ್ತಿರ ಕೂತು ನಾನೇ ಬರೆಸಿದೆ, ಎರಡೇ ಸಾಲು: ಇವರಿಗೆ ಆರೋಗ್ಯದ ಕಾರಣದಿಂದ ಕೆಲಸದ ಜಾಗದಲ್ಲಿ ನೀರು ಇಟ್ಟುಕೊಳ್ಳಲು, ಬೇಕೆಂದಾಗ ಶೌಚಾಲಯಕ್ಕೆ ಹೋಗಲು ಅವಕಾಶ ಕೊಡಬೇಕು. ಕಾಯಿಲೆಯ ಹೆಸರಿಲ್ಲ. ಬಾಟಲಿ ಒಂದು ಲೀಟರಿನದು ತಗೋ, ಮೆಷಿನ್ ಪಕ್ಕ ಇಟ್ಟುಕೋ. ಬಾಯಾರಿಕೆಗೆ ಕಾಯಬೇಡ, ಅದು ನಿನಗೆ ಸುಳ್ಳು ಹೇಳುತ್ತೆ. ಒಂದೊಂದು ಬಂಡಲ್ ಮುಗಿದಾಗ ಎರಡು ಗುಟುಕು. ಎದ್ದ ಕೂಡಲೇ ಎರಡು ಲೋಟ, ಆಗ ವ್ಯಾನ್ ಹತ್ತೋ ಮೊದಲು ಒಂದು ಸಲ ಹೋಗಿ ಬರಬಹುದು. ಬೆಳಗಿನ ತಣ್ಣೀರು ಸ್ನಾನ ಬಿಡು, ರಾತ್ರಿ ಬಂದ ಮೇಲೆ ಬಿಸಿನೀರಲ್ಲಿ ಮಾಡು. ವ್ಯಾನಿನಲ್ಲಿ ಕಿಟಕಿ ಪಕ್ಕ ಕೂರಬೇಡ.

ಹೈಡ್ರಾಕ್ಸಿಯೂರಿಯಾ ಮಾತ್ರೆಯ ಮಾತೂ ಬಂತು. ಅದು ಕ್ಯಾನ್ಸರ್ ಮಾತ್ರೆ, ಮಕ್ಕಳಾಗಲ್ಲ ಅಂತ ಯಾರೋ ಹೇಳಿ ಬಿಟ್ಟುಬಿಟ್ಟಿದ್ದಳು. ಕೆಲವು ಕ್ಯಾನ್ಸರಿಗೂ ಕೊಡೋದು ನಿಜ. ಆದರೆ ಇಲ್ಲಿ ಕೊಡೋದು ಹೊಟ್ಟೆಯಲ್ಲಿದ್ದಾಗಿನ ಮಗುವಿನ ಥರದ ಹಿಮೋಗ್ಲೋಬಿನ್ ಮತ್ತೆ ಹೆಚ್ಚಲಿ ಅಂತ. ಅದು ಹೆಚ್ಚಿದರೆ ಕಣ ಬಾಗೋದು ಕಮ್ಮಿ. ಕೆಲಸ ಮಾಡೋಕೆ ಕೆಲವು ತಿಂಗಳು ಬೇಕು. ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು. ಮಗು ಬೇಕು ಅಂದುಕೊಂಡಾಗ ಮೊದಲೇ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು. ಇಷ್ಟು ಹೇಳಿದ ಮೇಲೆ, "ಹಾಗಂತ ಮೊದಲೇ ಹೇಳಿದ್ರೆ ತಗೋತಿದ್ದೆ" ಅಂದಳು.

ಇನ್ನೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ. ಜ್ವರ 101 ದಾಟಿದರೆ ಮಾತ್ರೆ ನುಂಗಿ ಮಲಗಬೇಡ. ಎದೆನೋವು, ಉಸಿರು ಕಟ್ಟೋದು, ಒಂದು ಕಡೆ ಕೈಕಾಲು ಸೋಲೋದು, ಮಾತು ತೊದಲೋದು, ಯಾವುದೇ ಆಗಲಿ, ರಾತ್ರಿ ಎರಡು ಗಂಟೆಯಾದರೂ ಸೀದಾ ಆಸ್ಪತ್ರೆಗೆ. ಈ ಕಾಯಿಲೆಯಲ್ಲಿ ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಇರೋ ಸೋಂಕು ತಡೆಯೋ ಅಂಗ, ಬೇಗ ಕೆಲಸ ನಿಲ್ಲಿಸಿಬಿಡುತ್ತೆ. ಆಗ ಸೋಂಕು ತಡೆಯೋ ಶಕ್ತಿ ಕುಗ್ಗುತ್ತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಂಗೆ ಹಾಗೇ ಆಗಿದ್ದಾ?" ಅಂತ ಕೇಳಿದಳು. ಇರಬಹುದು ಅಂದೆ. ಪರೀಕ್ಷೆಯೇ ಆಗದ ಮಗುವಿನ ಬಗ್ಗೆ ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ.

ಅವಳ ಸಂಬಳದ ಚೀಟಿ ನೋಡಿದಾಗ ನನಗೆ ಇನ್ನೊಂದು ಸಿಟ್ಟು ಬಂತು. ಪ್ರತಿ ತಿಂಗಳೂ ಇಎಸ್‌ಐಗೆ, ಅಂದರೆ ಕಾರ್ಮಿಕರ ವಿಮೆಗೆ, ದುಡ್ಡು ಹಿಡಿದಿದ್ದಾರೆ. ಮೂರು ಸಲ ಆಸ್ಪತ್ರೆ ಸೇರಿದ ದಿನಗಳೆಲ್ಲ ಸಂಬಳ ಇಲ್ಲದ ರಜೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ, ಕಾಯಿಲೆ ರಜೆಗೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಯಾರೂ ಹೇಳಿಲ್ಲ. ಇಎಸ್‌ಐ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಮಾಡಿಸಬೇಕು ಅನ್ನೋದೂ ಗೊತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ ಅಂತ ಹೇಳಿದೆ. ಅವಳಿಗೆ ವಿಕಲಚೇತನರ ಕಾರ್ಡ್ ಬೇಡ ಅನ್ನಿಸಿತು. "ನಂಗೆ ಕೈಕಾಲು ಸರಿ ಇದೆಯಲ್ಲ" ಅಂದಳು. ಒತ್ತಾಯ ಮಾಡಲಿಲ್ಲ.

ನಮ್ಮ ತಂಡದ ಸಭೆಯಲ್ಲಿ ಈ ಪ್ರಕರಣ ಹೇಳಿದಾಗ ಒಬ್ಬರು ಹಿರಿಯರು ಬೇಜಾರು ಮಾಡಿಕೊಂಡರು. ನಾನು ಕಾಯಿಲೆ ಮುಚ್ಚಿಡೋದನ್ನು ಕಲಿಸ್ತಿದ್ದೇನೆ ಅಂತ. ಇನ್ನೊಬ್ಬರು, ಮದುವೆ ವಿಷಯ ಮಾತಾಡಿದಿರಾ, ಅದಲ್ಲವಾ ಮುಖ್ಯ ಅಂದರು. ಅವರ ಮಾತು ತಳ್ಳಿಹಾಕೋ ಹಾಗಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನೂರಕ್ಕೆ 25ರಷ್ಟು ಮಗುವಿಗೆ ಪೂರ್ತಿ ಕಾಯಿಲೆ ಬರೋ ಸಂಭವ ಇದೆ. 2023ರ ಜುಲೈನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದಾಗ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದ್ದು, ನಿರ್ಮೂಲನೆಗೆ 2047ರ ಗಡುವು ಹಾಕಿಕೊಂಡಿದ್ದು ಅದಕ್ಕೇ. ಒಳ್ಳೆ ಕೆಲಸ. ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಇದೆ ಅಂತ 1952ರಲ್ಲೇ ಗೊತ್ತಾಗಿತ್ತು, ಹಾಡಿಗಳಿಗೆ ಪರೀಕ್ಷೆ ಬರೋಕೆ ಇಷ್ಟು ವರ್ಷ ಹಿಡೀತು.

ಆದರೆ ಹುಟ್ಟದ ಮಗುವಿನ ಬಗ್ಗೆ ನಾವು ಆಡೋ ಮಾತಿನಲ್ಲಿ ಕಾಲು ಭಾಗವಾದರೂ ಹುಟ್ಟಿ 21 ವರ್ಷ ಆದವಳ ಬಗ್ಗೆ ಆಡ್ತೀವಾ? ಮದುವೆ ಮಾತು ಆಡ್ತೀನಿ, ಹುಡುಗನ ಪರೀಕ್ಷೆಯೂ ಆಗಬೇಕು ಅಂತ ಹೇಳ್ತೀನಿ. ಅವಳು ಮದುವೆ ಅಂದ ದಿನ. ಅವಳು ಆವತ್ತು ಬಂದಿದ್ದು ನೋವಿಗೆ. ಇನ್ನು ಮುಚ್ಚಿಡೋ ವಿಷಯ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನೋದು ಕಾಯಿಲೆ ಇರೋರ ಕೈಯಲ್ಲಿರಬೇಕು. ಟಾಯ್ಲೆಟ್‌ಗೆ ಹೋಗೋಕೆ ಯಾರೂ ತಮ್ಮ ರಕ್ತದ ರಿಪೋರ್ಟ್ ತೋರಿಸಬೇಕಾಗಿಲ್ಲ. ಕೆಲಸದ ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗೋ ಹಾಗೆ ಶೌಚಾಲಯ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು.

ವಾರ್ಡನ್‌ಗಳು, ಮೇಷ್ಟರು ಯಾರಾದರೂ ಇದನ್ನು ಓದ್ತಿದ್ದರೆ ಒಂದು ಮಾತು. ಕಾಡಂಚಿನ ಊರುಗಳಿಂದ ಬಂದ ಮಗು ಹತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡ್ತಿದೆ, ಕಣ್ಣು ಹಳದಿ ಇದೆ, ಆಗಾಗ ಕೈಕಾಲು ನೋವು ಅಂತ ಅಳುತ್ತೆ ಅಂದ್ರೆ, ಚಾಪೆ ಹೊರಿಸಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಕ್ಲಾಸಿನ ಮಧ್ಯೆ ಎದ್ದು ನಿಂತರೆ ಬಿಟ್ಟುಬಿಡಿ. ರಾತ್ರಿ ಹನ್ನೊಂದಕ್ಕೆ ಒಂದು ಸಲ ಎಬ್ಬಿಸಿ ಕಳಿಸಿ. ಅಷ್ಟೇ ಸಾಕು. ನೀರು ಮಾತ್ರ ತಪ್ಪಿಸಬೇಡಿ.

ಪತ್ರದ ಕತೆ ಅರ್ಧ ಗೆದ್ದಿತು. ವೆಲ್‌ಫೇರ್ ಆಫೀಸರ್ ಒಳ್ಳೆ ಹೆಣ್ಣುಮಗಳು, ಎರಡು ತಿಂಗಳು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಸೂಪರ್‌ವೈಸರ್ ಬದಲಾದರು, ಹಳೇ ಮಾತು ಮತ್ತೆ ಶುರು. ಗೌರಿಯನ್ನು ಲೈನಿನಿಂದ ತೆಗೆದು ಚೆಕಿಂಗ್‌ಗೆ ಹಾಕಿದರು. ಅಲ್ಲಿ ಎದ್ದು ಹೋಗಬಹುದು. ಆದರೆ ನಿಂತು ಮಾಡೋ ಕೆಲಸ, ಸಂಬಳವೂ ಸ್ವಲ್ಪ ಕಮ್ಮಿ. ಕಾಲರ್ ಕೈ ತಪ್ಪಿತು ಅಂತ ಅವಳಿಗೆ ಬೇಜಾರಿದೆ, ನನಗೂ ಇದೆ. ಸೊಂಟದ ಎಕ್ಸ್‌ರೇ ಮಾಡಿಸಿದ್ದೇವೆ. ತೊಡೆ ಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಸವೆಯೋದು ಈ ಕಾಯಿಲೆಯಲ್ಲಿ ಉಂಟು. ಮೂಳೆ ಡಾಕ್ಟರ್ ಇನ್ನೂ ನೋಡಬೇಕು. ಆ ಮೂರನೇ ಭೇಟಿಯ ನಂತರದ ಹತ್ತು ತಿಂಗಳಲ್ಲಿ ಆಸ್ಪತ್ರೆ ಸೇರಿದ್ದು ಒಂದೇ ಸಲ. ಅದು ನೀರಿನಿಂದಲೋ, ಮಾತ್ರೆಯಿಂದಲೋ, ಚೆಕಿಂಗ್‌ನಿಂದಲೋ ಅಂತ ನಾನು ಹೇಳಲಾರೆ.

ಹೋದ ತಿಂಗಳು ಬಂದಿದ್ದಳು. ಪತ್ರ ಹರಿದುಹೋಗಿದೆ, ಇನ್ನೊಂದು ಬೇಕು ಅಂದಳು. ಬರೆಸಿಕೊಟ್ಟೆ. ಹೋಗದೇ ನಿಂತಳು.

"ಅಕ್ಕ, ಹೆಸರು ಹಾಕದೇ ಇನ್ನೆರಡು ಕೊಡ್ತೀರಾ?"

ಯಾರಿಗೆ ಅಂತ ಕೇಳಿದೆ. ಲೈನಿನಲ್ಲಿ ಇಬ್ಬರು ಹುಡುಗಿಯರಿಗೆ. ಅವರಿಗೆ ಸಿಕಲ್ ಸೆಲ್ ಏನೂ ಇಲ್ಲ. ಕಟ್ಟಿಕೊಂಡು ಕಟ್ಟಿಕೊಂಡು ಉರಿಮೂತ್ರ. ಖಾಲಿ ಪತ್ರ ಕೊಡೋ ಹಾಗಿಲ್ಲ, ಡಾಕ್ಟರ್ ಅವರನ್ನು ನೋಡಲೇಬೇಕು ಅಂದೆ.

"ಸರಿ, ಮಂಗಳವಾರ ಅವರನ್ನೂ ಕರ್ಕೊಂಡು ಬರ್ತೀನಿ. ಆದ್ರೆ ಅರ್ಧ ದಿನದ ಸಂಬಳ ಹೋಗುತ್ತಲ್ಲ, ನಮ್ಮ ನಂಬರ್ ಸ್ವಲ್ಪ ಬೇಗ ಕೂಗಿಸಿ" ಅಂದಳು.